ಭಯದ ರಾಶಿ, ಗಾಯದ ರಾಶಿ

ಗ್ಯಾಸ್ ಏಜೆನ್ಸಿಯ ಕೆಲಸಕ್ಕೆ ಸೇರಿದ ದಿನ ನನಗೇ ಗ್ಯಾಸ್ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಈಗ ಈ ಕೆಲಸಕ್ಕೆ ಸೇರುತ್ತಿರುವ ಹೆಣ್ಣುಮಕ್ಕಳು ನನ್ನನ್ನು ಹುಟ್ಟಾ ಧೈರ್ಯವಂತೆ ಎಂದುಕೊಂಡು ನಮಸ್ಕಾರ ಮಾಡುತ್ತಾರೆ. ನಮಸ್ಕಾರ ಬೇಡವೆಂದು ನಾನೇನೂ ಅನ್ನುವುದಿಲ್ಲ, ಮಾಡಲಿ. ಆದರೆ ಮೊದಲ ಕೆಲವು ತಿಂಗಳು ನಾನು ಹಗಲೆಲ್ಲ ಊರ ಹೆಂಗಸರಿಗೆ ಗ್ಯಾಸ್ ಒಲೆ ಹಚ್ಚುವುದನ್ನು ಕಲಿಸಿ, ಸಂಜೆ ನನ್ನ ಮನೆಗೆ ಬಂದು ಸೌದೆ ಒಲೆಯ ಮುಂದೆ ಕೂತು ಊದುತ್ತಿದ್ದೆ. ಏಜೆನ್ಸಿಯವರು ನನಗೆಂದೇ ಕೊಟ್ಟಿದ್ದ ಹೊಸ ಒಲೆ ಮೂಲೆಯಲ್ಲಿ ಹಳೇ ಸೀರೆ ಹೊದ್ದು ಕೂತಿತ್ತು. ಯಾರಾದರೂ ಕೇಳಿದರೆ "ಸಿಲಿಂಡರ್ ಬಂದಿಲ್ಲ" ಎನ್ನುತ್ತಿದ್ದೆ. ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ ಮಾಡುವವಳ ಮನೆಗೇ ಸಿಲಿಂಡರ್ ಬಂದಿಲ್ಲವೆಂದರೆ ಊರವರಿಗೆ ಏನನ್ನಿಸಬೇಕು ಎಂದು ನಾನು ಯೋಚಿಸಿರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಸಕಲೇಶಪುರದ ಪೇಟೆಯಲ್ಲಿ ರಜಾಕ್ ಸಾಹೇಬರು ಆಗಷ್ಟೇ ಏಜೆನ್ಸಿ ತೆರೆದಿದ್ದರು. ಲಾರಿ, ಕಾಫಿ ವ್ಯಾಪಾರ ಎಂದು ಮೊದಲಿನಿಂದಲೂ ಓಡಾಡಿದ ಮನೆತನ. ಜನರ ಪರಿಚಯ ಚೆನ್ನಾಗಿತ್ತು. ಆದರೆ ಅಡಿಗೆಮನೆಗಳ ಪರಿಚಯ ಇರಲಿಲ್ಲ. ನಮ್ಮ ಕಡೆ ಪರ ಗಂಡಸರು ಅಡಿಗೆಮನೆಯ ಹೊಸ್ತಿಲು ದಾಟುವ ಪದ್ಧತಿಯಿಲ್ಲ. ಹೀಗಾಗಿ ಅವರ ಮೆಕ್ಯಾನಿಕ್ ಜಗಲಿಯಲ್ಲಿ ನಿಂತುಕೊಂಡು, ಗೋಡೆಯ ಆಚೆ ಇರುವ ಒಲೆಗೆ ಪಾಠ ಹೇಳಬೇಕಾಗಿತ್ತು. "ಎಡಕ್ಕೆ ತಿರುಗ್ಸಿ ಅಕ್ಕಾ!" ಎಂದು ಇವನು ಕೂಗುವುದು, "ಯಾರ್ ಎಡ? ನಂದೋ ನಿಂದೋ?" ಎಂದು ಒಳಗಿನಿಂದ ಕೇಳುವುದು. ಇಬ್ಬರೂ ಎದುರುಬದುರು ನಿಂತಿದ್ದಾರೋ, ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದಾರೋ ಎಂಬುದು ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ.

ಆಗ ನಾನು ಮಹಿಳಾ ಮಂಡಲಿಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ಸಾಹೇಬರು ಹೇಳಿ ಕಳಿಸಿ ಕರೆಸಿಕೊಂಡರು.

"ನೋಡಮ್ಮ ನಾಗರತ್ನ, ಹಿಂಗೇ ಬುಟ್ರೆ ಯಾರೋ ಒಬ್ರು ಒಂದಿನ ನನ್ನ ಹೆಸರು ಹೇಳ್ಕಂಡು ಮೇಲಕ್ಕೆ ಹೋಗ್ಬುಡ್ತಾರೆ. ಹೆಂಗಸರೇ ಬೇಕು ಈ ಕೆಲಸಕ್ಕೆ. ನೀನು ಹೊಲಿಗೆ ಕಲಿಸ್ತೀಯಲ್ಲ, ಇದನ್ನೂ ಕಲಿಸು."

"ಹೊಲಿಗೆ ಮಿಷನ್ ಸಿಡಿಯಲ್ಲ ಸಾಹೇಬ್ರೆ."

"ಸೂಜಿ ಬೆರಳಿಗೆ ಚುಚ್ಚಲ್ವಾ?"

"ಚುಚ್ಚುತ್ತೆ."

"ಚುಚ್ಚೋ ಮುಂಚೆ ಹೇಳ್ತದಾ?"

ನಾನು ನನ್ನ ಬೆರಳು ನೋಡಿಕೊಂಡೆ.

"ಗ್ಯಾಸು ಹೇಳ್ತದೆ ಕಣಮ್ಮ. ಅದಕ್ಕೆ ಅಂತ್ಲೇ ಕೆಟ್ಟ ವಾಸನೆ ಬೆರೆಸಿರ್ತಾರೆ. ಮೂಗೊಂದು ಇದ್ರೆ ಸಾಕು."

ಮೂಗಿತ್ತು. ಸೇರಿದೆ.

ನನಗೊಂದು ಕಾಯಿಲೆಯಿದೆ. ಹೆದರಿಕೆಯಾದರೆ ನಗು ಬರುತ್ತದೆ. ಅಳಬೇಕಾದ ಕಡೆ, ಓಡಬೇಕಾದ ಕಡೆ ಕಿಸಕ್ಕನೆ ನಗುತ್ತೇನೆ. ಒಂದು ಸಲ ಶುರುವಾದರೆ ನಿಲ್ಲುವುದಿಲ್ಲ. ಮೊದಲ ದಿನ ಬೀದಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಮುಖವನ್ನು ಆ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ತೋಳನ್ನು ಎಷ್ಟು ಉದ್ದವಾಗುತ್ತದೋ ಅಷ್ಟು ಚಾಚಿ ಬೆಂಕಿಕಡ್ಡಿ ಗೀರಿದೆ. ಕಡ್ಡಿ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು. ನನಗೆ ನಗು ಹತ್ತಿತು. ಹೆಂಗಸರಿಗೆ ಅದು ಧೈರ್ಯದ ನಗುವಂತೆ ಕಂಡಿತಂತೆ! "ಏನ್ ಗಟ್ಟಿಗಿತ್ತಿ ಕಣೇ, ಬೆಂಕಿ ಮುಂದೆ ನಗ್ತಾಳೆ" ಎಂದು ಮಾತಾಡಿಕೊಂಡರು. ಅಲ್ಲಿಂದ ನನಗೆ "ಗ್ಯಾಸಮ್ಮ" ಎಂಬ ಹೆಸರು ಬಿತ್ತು. ಆ ಹೆಸರು ನನಗಿಂತ ಮೊದಲೇ ಊರೂರು ತಲುಪಿಬಿಡುತ್ತಿತ್ತು.

ಸಿಲಿಂಡರುಗಳ ಜೊತೆ ನನ್ನನ್ನೂ ಹೊತ್ತು ತಿರುಗಿಸುತ್ತಿದ್ದವರು ಜೀಪಿನ ಡ್ರೈವರ್ ಮಂಜಣ್ಣ. ಅವರ ಹೆದರಿಕೆಯ ಮುಂದೆ ನನ್ನದು ಏನೂ ಅಲ್ಲ. ಜೀಪಿನ ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ಎಲ್ಲರೂ ಕಟ್ಟುತ್ತಾರೆ. ಇವರು ಹಿಂದಿನ ಸಿಲಿಂಡರುಗಳ ಕುತ್ತಿಗೆಗೂ ಕಟ್ಟಿದ್ದರು. ಓಡಿಸುವಾಗ ತಲೆಯನ್ನು ಹೊರಗೆ ಹಾಕಿಕೊಂಡೇ ಇರುತ್ತಿದ್ದರು, ಸಿಡಿದರೆ ತಲೆಯಾದರೂ ಉಳಿಯಲಿ ಎಂದು. "ಅಕ್ಕಾ, ಯಮ ಹಿಂದುಗಡೆ ಸಾಲಾಗಿ ನಿಂತವ್ನೆ" ಎನ್ನುವರು. ಹಾಗೆನ್ನುತ್ತಲೇ ದೋಣಿಗಲ್ ಇಳಿಜಾರು ಬಂತೆಂದರೆ ಗೇರು ತೆಗೆದು ನ್ಯೂಟ್ರಲ್ ಮಾಡಿಬಿಡುವರು! ಡೀಸೆಲ್ ಉಳಿಯುತ್ತದಂತೆ. ತಿರುವಿನ ಮೇಲೆ ತಿರುವು, ಎದುರಿಗೆ ಮಂಗಳೂರು ಕಡೆಯಿಂದ ಹತ್ತಿ ಬರುವ ಲಾರಿಗಳು, ನಮ್ಮ ಜೀಪು ಹಗ್ಗ ಕಿತ್ತ ಕರುವಿನಂತೆ ಇಳಿಯುತ್ತಿದ್ದರೆ ಮಂಜಣ್ಣ ಮಾತ್ರ ಹಿಂದಿನ ಸಿಲಿಂಡರ್ ಅಲುಗಾಡಿದರೆ ಸಾಕು ಬೆಚ್ಚಿ ತಿರುಗಿ ನೋಡುವರು.

ಒಂದು ದಿನ ಬೀಡಿ ಸೇದಬೇಕೆನಿಸಿ ಇಳಿಜಾರಿನಲ್ಲೇ ಗಾಡಿ ನಿಲ್ಲಿಸಿದರು. ಗ್ಯಾಸಿನ ಪಕ್ಕ ಬೀಡಿ ಹಚ್ಚಬಾರದು, ಅದು ಸರಿಯೇ. ಆ ಪಾಠ ನಾನೇ ಹೇಳಿದ್ದು. ಅವರು ಭಕ್ತಿಯಿಂದ ಮುಂದಿನ ತಿರುವಿನವರೆಗೂ ನಡೆದು ಹೋದರು. ಆದರೆ ಆ ಜೀಪಿನ ಹ್ಯಾಂಡ್‌ಬ್ರೇಕ್ ನೋಡುವುದಕ್ಕೆ ಮಾತ್ರ ಇತ್ತು. ಚಕ್ರಕ್ಕೆ ಕಲ್ಲು ಕೊಡುವುದನ್ನೂ ಮರೆತಿದ್ದರು. ಜೀಪು ಮೆಲ್ಲಗೆ, ಯಾರಿಗೂ ಹೇಳದೆ ಹೊರಟಿತು. ನಾನು ಒಳಗಿದ್ದೆ. ಮಂಜಣ್ಣ ಬೀಡಿ ಬಿಸಾಡಿ, "ಇಳೀರಿ ಅಕ್ಕಾ, ಬ್ಲಾಸ್ಟ್ ಆಗ್ತದೆ, ಬ್ಲಾಸ್ಟ್ ಆಗ್ತದೆ" ಎಂದು ಕೂಗುತ್ತಾ ಎದುರಿಗೆ ಓಡಿಬಂದವರು, ಜೀಪು ತಮ್ಮತ್ತಲೇ ಬರುವುದನ್ನು ಕಂಡು ತಿರುಗಿ ಅದರ ಮುಂದೆ ಮುಂದೆ ಓಡತೊಡಗಿದರು. ನನಗೋ ನಗು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ, ಕಣ್ಣಲ್ಲಿ ನೀರು, ಇಳಿಯಲು ಕಾಲು ಬರುತ್ತಿಲ್ಲ. ಕೊನೆಗೆ ಜೀಪು ರಸ್ತೆ ಬಿಟ್ಟು ಒಂದು ಕಾಫಿ ಗಿಡದ ಮೇಲೆ ಒರಗಿ ನಿಂತಿತು. ಸಿಲಿಂಡರುಗಳಿಗೆ ಏನೂ ಆಗಲಿಲ್ಲ. ನಿಂಬೆಹಣ್ಣುಗಳೂ ಹಾಗೇ ಇದ್ದವು.

"ಮಂಜಣ್ಣ," ಎಂದೆ ಉಸಿರು ಸಿಕ್ಕಮೇಲೆ, "ನಿಮ್ಮ ಭಯ ಹಿಂದಿನ ಸೀಟಲ್ಲೈತೆ, ಅಪಾಯ ಮುಂದಿನ ಸೀಟಲ್ಲೈತೆ."

"ಹೋಗ್ಲಿ ಬುಡಿ ಅಕ್ಕಾ, ನಿಂಬೆಹಣ್ಣು ಇದ್ದಿದ್ದಕ್ಕೆ ಉಳಕೊಂಡ್ವಿ" ಎಂದರು ಅವರು.

ಅದೇ ತಿಂಗಳಲ್ಲಿ ಒಂದು ಎಸ್ಟೇಟ್ ಬಂಗಲೆಗೆ ಹೋಗಿದ್ದೆ. ಮನೆಯ ಅಮ್ಮಾವರು ಓದಿದವರು, ನಾಜೂಕಿನವರು. ಸಿಲಿಂಡರನ್ನು ಮನೆಯಿಂದ ದೂರ, ನಾಯಿಗೂಡಿನ ಪಕ್ಕ ಇಡಿಸಿದ್ದರು. ಅಲ್ಲಿಂದ ಒಲೆಯವರೆಗೆ ಪೈಪ್ ಎಳೆಯಬೇಕಂತೆ. ಆಗುವುದಿಲ್ಲ ಎಂದು ಹೇಳುತ್ತಾ ಕೈ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿ ಬಕೆಟ್ಟಿನೊಳಗೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಮುಳುಗಿಸಿತ್ತು, ಸ್ವಿಚ್ ಹಾಕಿಯೇ ಇತ್ತು. ಅಮ್ಮಾವರು ನನ್ನ ಹಿಂದೆಯೇ ಬಂದು ಬೆರಳನ್ನು ನೀರಿಗೆ ಅದ್ದಿ ನೋಡಿ, "ಇನ್ನೂ ಕಾದಿಲ್ಲ ನೋಡಿ" ಎಂದರು.

"ಅಮ್ಮಾ, ಹಾಗೆ ಕೈ ಹಾಕಬಾರದು! ಕರೆಂಟ್ ಹೊಡೆಯುತ್ತೆ!"

"ಹೊಡೆಯಲ್ಲಪ್ಪ, ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೆ. ಜುಮ್ ಅಂದ್ರೆ ಕರೆಂಟ್ ಇದೆ ಅಂತ ಗೊತ್ತಾಗುತ್ತಲ್ಲ."

ನಾನು ಬಚ್ಚಲ ಗೋಡೆ ಹಿಡಿದುಕೊಂಡು ನಕ್ಕೆ. ಅವರು ಬೇಸರ ಮಾಡಿಕೊಂಡರು. ಸಾಹೇಬರಿಗೆ ದೂರು ಹೋಯಿತು. ಸಾಹೇಬರು ನನ್ನನ್ನು ಬೈಯಲೆಂದು ಕರೆದು, ವಿಷಯ ಕೇಳಿ, ತಾವೇ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಹೊಸದಕ್ಕೆ ಹೆದರ್ತಾರೆ, ಹಳೇದನ್ನ ಮುದ್ದಾಡ್ತಾರೆ. ಗ್ಯಾಸೊಂದರ ಪಾಠ ಹೇಳಿದ್ರೆ ಸಾಲದು ನಾಗರತ್ನಮ್ಮ. ಎಲ್ಲಾನೂ ಪಕ್ಕಪಕ್ಕ ಇಟ್ಟು ತೋರಿಸ್ಬೇಕು."

ಹಾಗೆ ಹುಟ್ಟಿದ್ದು ನನ್ನ ಮೂರು ಪ್ರಶ್ನೆಗಳು. ಯಾವ ಒಲೆಯ ಬಗ್ಗೆಯಾಗಲಿ, ಯಾವ ಮಿಷನ್ನಿನ ಬಗ್ಗೆಯಾಗಲಿ ಕೇಳಬಹುದು. ಕೆಟ್ಟರೆ ಎಷ್ಟು ಕೆಡುತ್ತದೆ? ಎಷ್ಟು ಸಲ ಕೆಡುತ್ತದೆ? ಕೆಡುವ ಮುಂಚೆ ಹೇಳುತ್ತದೆಯೇ? ಈ ಮೂರನ್ನು ಬಾಯಿಪಾಠ ಮಾಡಿಕೊಂಡ ಮೇಲೆ ನನ್ನ ಹೆದರಿಕೆಯೇ ಅರ್ಧ ಇಳಿಯಿತು. ಮನೆಯ ಮೂಲೆಯಲ್ಲಿದ್ದ ಒಲೆಯ ಸೀರೆ ತೆಗೆದೆ.

ಇಷ್ಟು ತಯಾರಾಗಿ ನಾನು ಹೋಗಿದ್ದು ಕುಂದೂರು ಕಡೆಯ ಗೌರಮ್ಮನವರ ಮನೆಗೆ. ಕೆಲಸದಲ್ಲಿ ನಾನು ಏನಾದರೂ ಕಲಿತಿದ್ದರೆ ಆ ಮನೆಯಲ್ಲಿ ಕಲಿತೆ.

ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ ಇದ್ದ ಮನೆ. ಗೌರಮ್ಮ, ಮಗ ಸೋಮಣ್ಣ, ಸೊಸೆ ಸುಜಾತ. ಸುಜಾತಳಿಗೆ ಉಬ್ಬಸ. ಒಲೆ ಮುಂದೆ ಕೂತು ಎದ್ದಳೆಂದರೆ ಒಂದು ಮಾತನ್ನು ಮೂರು ಕಂತಿನಲ್ಲಿ ಮುಗಿಸುವಳು. ಹಿಂದಿನ ವರ್ಷ ಕಾಫಿ ಕುಯ್ಲಿನ ಹೊತ್ತಿಗೆ ಉಸಿರು ಕಟ್ಟಿ ಹಾಸನದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ದರು. ಹೊಗೆಯ ಹತ್ತಿರ ಸೇರಿಸಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಸೋಮಣ್ಣ ಗ್ಯಾಸಿಗೆ ಅರ್ಜಿ ಹಾಕಿದ್ದ. ಗೌರಮ್ಮ ಸುತರಾಂ ಒಪ್ಪಿರಲಿಲ್ಲ. ಇತ್ತ ಸುಜಾತಳ ಅಣ್ಣ ಮಗ್ಗೆಯಲ್ಲಿದ್ದ. ಅವನ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಈ ಮನೆಯಲ್ಲಿ ಹೊಗೆ ನಿಲ್ಲದಿದ್ದರೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಮತ್ತೆ ಕಳಿಸುವುದಿಲ್ಲ ಎಂದು ಅವನು ಹೇಳಿ ಹೋಗಿದ್ದ.

"ನಂಗೆ... ಈ ಮನೆ ಬುಟ್ಟು... ಹೋಗಕ್ಕಿಷ್ಟ ಇಲ್ಲ ಕಣಕ್ಕ" ಎಂದಳು ಸುಜಾತ, ನನಗೆ ನೀರು ಕೊಡುತ್ತಾ.

ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿತ್ತು. ಅಕ್ಕಪಕ್ಕದ ಹೆಂಗಸರೂ ಬಂದರು. ನಾನು ಸೀಮೆಸುಣ್ಣದಲ್ಲಿ ನಾಲ್ಕು ಮನೆ ಬರೆದು ಹೇಳಿದೆ: ಇದು ಸೌದೆ ಒಲೆ, ಇದು ಸೀಮೆಣ್ಣೆಯ ಪಂಪ್ ಸ್ಟವ್, ಇದು ಕರೆಂಟ್ ಒಲೆ, ಇದು ಗ್ಯಾಸ್. ಯಾವುದಕ್ಕೆ ಹೆದರುತ್ತೀರೋ ಅದರಲ್ಲಿ ಒಂದು ಹಿಡಿ ಕಾಫಿ ಹಣ್ಣು ಹಾಕಿ.

ಗ್ಯಾಸಿನ ಮನೆಯಲ್ಲಿ ಗುಡ್ಡವೇ ಎದ್ದಿತು. ಸೌದೆ ಒಲೆಗೆ ಒಂದು ಹಣ್ಣೂ ಬೀಳಲಿಲ್ಲ.

"ಇದು ಭಯದ ರಾಶಿ. ಈಗ ಗಾಯದ ರಾಶಿ ಮಾಡೋಣ" ಎಂದು ಎಲ್ಲ ಬಳಿದು ತೆಗೆದೆ. "ನಿಮಗೆ, ನಿಮ್ಮ ಮಕ್ಕಳಿಗೆ ಯಾವುದರಿಂದ ನಿಜವಾಗಿ ಏಟಾಗಿದೆಯೋ ಅದರಲ್ಲಿ ಹಾಕಿ."

ಒಬ್ಬಳು ಕಾಲಿನ ಸುಟ್ಟ ಕಲೆ ತೋರಿಸಿದಳು, ಸೌದೆ ಒಲೆಗೆ ಒಂದು ಹಿಡಿ. ಮಗು ಕೆಂಡ ಮುಟ್ಟಿದ್ದು, ಒಂದು ಹಿಡಿ. ಸೆರಗಿಗೆ ಬೆಂಕಿ ಹತ್ತಿದ್ದು, ಒಂದು ಹಿಡಿ. ಹಳೆಯದೆಲ್ಲ ನೆನಪಾಗಿ, ಯಾರ ಅತ್ತೆ ಯಾವಾಗ ಹುಬ್ಬು ಸುಟ್ಟುಕೊಂಡರು ಎಂದು ಒಬ್ಬರ ಮೇಲೊಬ್ಬರು ಹೇಳಿಕೊಂಡು, ಕಣವೆಲ್ಲ ನಗೆಯೋ ನಗೆ. ಸುಜಾತ ಕೆಮ್ಮುತ್ತಾ ಒಂದು ಹಿಡಿ ಎತ್ತಿಕೊಂಡಳು.

"ಅದ್ಯಾಕೆ?" ಎಂದರು ಗೌರಮ್ಮ.

"ನನ್ನ... ಕೆಮ್ಮಿಗೆ ಅತ್ತೆ."

"ಕೆಮ್ಮು ಗಾಯ ಏನೇ? ಅದು ಒಲೇದಲ್ಲ, ನಿನ್ನ ಮೈಗುಣ. ಕೆಳಗೆ ಹಾಕು."

ಸುಜಾತ ಹಣ್ಣನ್ನು ಮತ್ತೆ ಕಣಕ್ಕೇ ಚೆಲ್ಲಿದಳು. ಆದರೂ ಸೌದೆ ಒಲೆಯ ರಾಶಿ ದೊಡ್ಡದಾಗಿಯೇ ಇತ್ತು. ಗ್ಯಾಸಿನ ಮನೆ ಖಾಲಿ. ನಾನು ಗೆದ್ದವಳ ಹಾಗೆ ನಿಂತೆ.

ಗೌರಮ್ಮ ಸೊಂಟಕ್ಕೆ ಕೈಯಿಟ್ಟು ರಾಶಿಗಳನ್ನು ನೋಡಿದರು. "ಅಲ್ಲ ಕಣವ್ವ ಗ್ಯಾಸಮ್ಮ, ನಮ್ಮೂರಲ್ಲಿ ಗ್ಯಾಸೇ ಇಲ್ವಲ್ಲ. ಗಾಯ ಎಲ್ಲಿಂದ ಬಂದಾತು?"

ಹೆಂಗಸರು ಹೋ ಎಂದು ನಕ್ಕರು. ಗೌರಮ್ಮ ಸರಿಯಾಗಿ ಹಿಡಿದಿದ್ದರು. ಯಾರೂ ಬಳಸದ ವಸ್ತುವಿನಿಂದ ಯಾರಿಗೂ ಏಟಾಗಿಲ್ಲವೆಂದು ತೋರಿಸುವುದು ಯಾವ ಸೀಮೆ ಲೆಕ್ಕ? ನಾನೂ ಅವರ ಜೊತೆ ನಕ್ಕೆ, ಅದು ಬಿಟ್ಟರೆ ಇನ್ನೇನೂ ಮಾಡುವಂತಿರಲಿಲ್ಲ.

ಹೊರಡುವಾಗ ಗೌರಮ್ಮ ಬೇಲಿಯ ದಣಪೆಯವರೆಗೂ ಬಂದರು. ಅಲ್ಲಿ ಯಾರೂ ಇರಲಿಲ್ಲ.

"ನನ್ನ ತಂಗಿ ಹಾಸನದಲ್ಲಿದ್ಲು. ಪಂಪ್ ಸ್ಟವ್ ಸಿಡೀತು. ಆಸ್ಪತ್ರೇಲಿ ಪಕ್ಕದಲ್ಲಿ ಕೂತಿದ್ದೋಳು ನಾನು. ಸುಟ್ಟ ಮೈ ನೋಡಿದೀನಿ ಕಣವ್ವ. ಕೆಮ್ಮೋ ಸೊಸೆ ಕೆಮ್ಕಂಡಾದ್ರೂ ಕಣ್ಣೆದುರು ಓಡಾಡ್ತಾಳೆ. ಸುಟ್ಕಂಡೋಳು ಓಡಾಡಲ್ಲ."

ಅವತ್ತು ನನಗೆ ನಗು ಬರಲಿಲ್ಲ. ಅದುವರೆಗೂ ಅವರನ್ನು ಹಟದ ಮುದುಕಿ ಎಂದುಕೊಂಡಿದ್ದೆ. ಆ ಹೆಂಗಸು ಸೊಸೆಯ ಜೀವಕ್ಕೆ ಹೆದರಿ ಗ್ಯಾಸ್ ಬೇಡವೆನ್ನುತ್ತಿದ್ದರು. ಮಗ ಹೆಂಡತಿಯ ಜೀವಕ್ಕೆ ಹೆದರಿ ಗ್ಯಾಸ್ ಬೇಕೆನ್ನುತ್ತಿದ್ದ. ನನ್ನ ಮೂರು ಪ್ರಶ್ನೆಗಳಲ್ಲಿ ಗೌರಮ್ಮ ಮೊದಲನೆಯದನ್ನು, ಕೆಟ್ಟರೆ ಎಷ್ಟು ಕೆಡುತ್ತದೆ ಎಂಬುದನ್ನು ಮಾತ್ರ ಕೇಳಿಕೊಂಡಿದ್ದರು. ಕೇಳಿಕೊಳ್ಳುವುದಕ್ಕೆ ಕಾರಣವೂ ಇತ್ತು.

ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಒಂದೇ ದಿನ ನೋಡುವುದು. ಏನಾದರೂ ಹೆಚ್ಚುಕಮ್ಮಿಯಾದರೆ ಅದೇ ಜೀಪಿನಲ್ಲಿ ಒಲೆ, ಸಿಲಿಂಡರ್ ಎಲ್ಲ ವಾಪಸ್. ಆಮೇಲೆ ಸುಜಾತ ಮಗ್ಗೆಗೆ ಹೋದರೂ ಸರಿ, ಗ್ಯಾಸಿನ ಹೆಸರು ಆ ಮನೆಯಲ್ಲಿ ಎತ್ತಬಾರದು. ಸುಜಾತ ತಲೆಯಾಡಿಸಿದಳು. ಅವಳ ಟ್ರಂಕ್ ಆಗಲೇ ಅರ್ಧ ತುಂಬಿತ್ತು ಎಂದು ಆಮೇಲೆ ಗೊತ್ತಾಯಿತು.

ಆ ಮನೆಗೆ ಗ್ಯಾಸ್ ತಗೊಂಡು ಹೋದ ದಿನ ನಾನು ಎಂದಿಗಿಂತ ಹೆಚ್ಚು ಜಾಗ್ರತೆ ಮಾಡಿದೆ. ಗ್ಯಾಸ್ ಸೋರದಂತೆ ಹೊಸ ವಾಷರ್ ಹಾಕಿದೆ. ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಎಲ್ಲರಿಗೂ ತೋರಿಸಿದೆ. ದೀಪ, ಊದುಬತ್ತಿ ಎಲ್ಲ ದೇವರ ಕೋಣೆಯಲ್ಲೇ ಇರಲಿ, ಗ್ಯಾಸ್ ಸೋರಿದರೆ ಭಾರಕ್ಕೆ ನೆಲಕ್ಕಿಳಿದು ಹರಡುತ್ತದೆ ಎಂದು ವಿವರಿಸಿದೆ. ಮೂರು ಪ್ರಶ್ನೆಗಳನ್ನು ಮತ್ತೆ ಹೇಳಿದೆ. ಗೌರಮ್ಮ ಒಂದು ಮಾತೂ ಬಿಡದೆ, ಮೂಗು ಮುಂದೆ ಮಾಡಿಕೊಂಡು ಕೇಳಿದರು. ಸಿಲಿಂಡರಿನ ಬಾಯಿಂದ ಒಂದು ಚೂರು ಗ್ಯಾಸ್ ಬಿಟ್ಟು ವಾಸನೆ ತೋರಿಸಿದಾಗ, "ಥೂ, ಕೊಳೆತ ಮೊಟ್ಟೆ" ಎಂದು ಮುಖ ಸಿಂಡರಿಸಿದರು.

ಒಲೆಗೆ ಅರಿಸಿನ ಕುಂಕುಮ ಇಟ್ಟಾಯಿತು. "ಹಾಲು ಉಕ್ಕಿಸ್ದೆ ಹೆಂಗವ್ವ ಹೊಸ ಒಲೆ ಸುರು ಮಾಡದು?" ಎಂದರು ಗೌರಮ್ಮ. ಧಾರಾಳವಾಗಿ ಉಕ್ಕಿಸಿ ಎಂದೆ. ಬೇರೆ ಮನೆಗಳಲ್ಲಿ ನಾನು ಹೊರಟ ಮೇಲೆ ಉಕ್ಕಿಸುತ್ತಿದ್ದರು. ನನ್ನ ಕಣ್ಣೆದುರು ಆಗುತ್ತಿದ್ದುದು ಅದೇ ಮೊದಲು.

ಪಾತ್ರೆಯ ತುಂಬ ಹಾಲಿಟ್ಟರು. ಅಡಿಗೆಮನೆಯಲ್ಲಿ ಹೆಂಗಸರೆಲ್ಲ ಗುಂಪು. ಉರಿ ನೀಲಿಯಾಗಿ ನಿಂತಿತ್ತು. "ಹೊಗೆ ಎಲ್ಲೈತೆ? ಹೊಗೇನೆ ಇಲ್ವಲ್ಲೇ!" ಎಂದು ಒಬ್ಬಳು, "ಪಾತ್ರೆ ಮಸಿನೇ ಆಗ್ಲಿಲ್ಲ" ಎಂದು ಇನ್ನೊಬ್ಬಳು. ಹಾಲು ಎದ್ದಿತು, ನೊರೆ ಎದ್ದಿತು, ಸುತ್ತಲೂ ಇಳಿಯಿತು. "ಉಕ್ತು! ಉಕ್ತು!" ಎಲ್ಲರೂ ಕೈ ಮುಗಿದರು. ನಾನೂ ಕೈ ಮುಗಿದೆ. ಗೌರಮ್ಮ ಖುಷಿಯಿಂದ ಆರತಿ ತರಲು ದೇವರ ಕೋಣೆಗೆ ಓಡಿದರು. ಸುಜಾತ ಚೆಲ್ಲಿದ ಹಾಲು ಒರೆಸಲು ಒಲೆಯ ಮುಂದೆ ಬಗ್ಗಿದಳು. ಸಕ್ಕರೆ ಎಲ್ಲಿ, ಲೋಟ ಎಲ್ಲಿ ಎಂದು ಗದ್ದಲ.

ಸೌದೆ ಒಲೆಯಲ್ಲಿ ಹಾಲು ಉಕ್ಕಿದರೆ ಕೆಂಡ ಚುರ್ ಎನ್ನುತ್ತದೆ, ಬೆಂಕಿ ಆರುವುದಿಲ್ಲ. ತಲೆತಲಾಂತರದಿಂದ ಉಕ್ಕಿಸಿಕೊಂಡು ಬಂದವರು ನಾವು. ಒಂದು ದಿನವೂ ಏನೂ ಆಗಿಲ್ಲ. ಗ್ಯಾಸ್ ಒಲೆಯ ಉರಿಯ ಮೇಲೆ ಹಾಲು ಸುರಿದರೆ ಉರಿ ಆರುತ್ತದೆ. ಗ್ಯಾಸ್ ಮಾತ್ರ ಬರುತ್ತಲೇ ಇರುತ್ತದೆ. ಎಲ್ಲರ ಕಣ್ಣು ಹಾಲಿನ ಮೇಲಿತ್ತು. ಉರಿ ಇದೆಯೋ ಇಲ್ಲವೋ ಎಂದು ನೋಡಿದವರು ಒಬ್ಬರೂ ಇಲ್ಲ, ಗ್ಯಾಸಮ್ಮ ಎಂಬ ಹೆಸರು ಹೊತ್ತ ನಾನೂ ನೋಡಲಿಲ್ಲ.

ಗೌರಮ್ಮ ಉರಿಯುವ ಆರತಿ ತಟ್ಟೆ ಹಿಡಿದು ಹೊಸ್ತಿಲವರೆಗೆ ಬಂದವರು ಗಕ್ಕನೆ ನಿಂತರು.

"ತಡೀರಿ. ಏನೋ ನಾತ."

"ಹಾಲು ಸೀದದ್ದು ಕಣತ್ತೆ, ಬನ್ನಿ ಬನ್ನಿ" ಎಂದಳು ಪಕ್ಕದ ಮನೆಯವಳು.

"ಹಾಲು ಸೀದದ್ದು ನಾ ಕಾಣದ್ದೇನೇ? ಇದು ಆ ಮೊಟ್ಟೆ ನಾತ! ಒಲೆ ಹೇಳ್ತಾ ಐತೆ ಕಣ್ರೇ, ಹೇಳ್ತಾ ಐತೆ! ಎದ್ದು ಆಚೆಗೆ ನಡೀರಿ!"

ಹಾಗೆಂದವರೇ ತಿರುಗಿ, ತಟ್ಟೆ ಹಿಡಿದು ಪಡಸಾಲೆ, ಜಗಲಿ ದಾಟಿ, ಅಂಗಳದಾಚೆ ದನ ನೀರು ಕುಡಿಯುವ ಬಾನಿಗೆ ಆರತಿಯನ್ನು ತಟ್ಟೆಸಮೇತ ಮುಳುಗಿಸಿಬಿಟ್ಟರು. ಆರತಿ ಆರಬಾರದು ಎಂದು ನಂಬಿದ ಮನೆ ಅದು! ನಾನು ಒಲೆಯ ನಾಬ್ ತಿರುಗಿಸಿ, ರೆಗ್ಯುಲೇಟರ್ ಮುಚ್ಚಿ, ಬಗ್ಗಿದ್ದ ಸುಜಾತಳ ತೋಳು ಹಿಡಿದು ಎಳೆದೆ. ಸ್ವಿಚ್ ಮುಟ್ಟಬೇಡಿ ಎಂದು ಕೂಗಿದೆ. ಕಿಟಕಿ, ಹಿತ್ತಿಲ ಬಾಗಿಲು ಎಲ್ಲ ತೆರೆದು ಹೊರಗೆ ಬಂದೆವು. ರಸ್ತೆಯಲ್ಲಿ ಜೀಪಿತ್ತು, ಮಂಜಣ್ಣ ಇರಲಿಲ್ಲ. ದೂರದ ಕೆರೆ ಏರಿಯ ಮೇಲೆ ಒಂದು ಬಿಳಿ ಪಂಚೆ ಓಡುತ್ತಿರುವುದು ಕಾಣಿಸಿತು.

ಅದನ್ನು ನೋಡಿದ್ದೇ ತಡ, ನನ್ನ ಕಾಯಿಲೆ ಕೆರಳಿತು. ಕಣದ ಮಧ್ಯೆ ಕುಸಿದು ಕೂತು ನಕ್ಕೆ. ನನ್ನನ್ನು ನೋಡಿ ಸಕ್ಕರೆ ಡಬ್ಬಿ ಹಿಡಿದುಕೊಂಡೇ ಓಡಿಬಂದಿದ್ದವಳು ನಕ್ಕಳು. ಒಬ್ಬರಿಂದ ಒಬ್ಬರಿಗೆ ಹತ್ತಿ ಎಲ್ಲರೂ ನಗತೊಡಗಿದರು. ಸೋಮಣ್ಣ ಮಾತ್ರ ನಗಲಿಲ್ಲ. ಬಿಳಿಚಿಕೊಂಡಿದ್ದ.

"ತಗಂಡ್ ಹೋಗ್ಬುಡಿ ಅಕ್ಕ," ಎಂದ. "ಬ್ಯಾಡ. ಅವ್ವ ಹೇಳಿದ್ದೇ ಸರಿ. ನಾಳೆ ಇವಳನ್ನ ಮಗ್ಗೆಗೆ ಬುಟ್ಟು ಬತ್ತೀನಿ."

ನಗು ನಿಂತಿತು. ಸುಜಾತ ಸೆರಗು ಬಾಯಿಗಿಟ್ಟುಕೊಂಡು ಆ ಕಡೆ ತಿರುಗಿದಳು. ನನ್ನ ಕೈಯಿಂದಲೇ ಅವಳ ಸಂಸಾರ ಮುರಿಯಿತಲ್ಲ ಎಂದುಕೊಂಡೆ.

ಗೌರಮ್ಮ ಬಾನಿಯ ಪಕ್ಕ ಒದ್ದೆ ಕೈಯಲ್ಲಿ ನಿಂತಿದ್ದರು. ನಿಧಾನವಾಗಿ ಕಣಕ್ಕೆ ಬಂದರು.

"ಯಾರ್ಲಾ ವಾಪಸ್ ಅಂದೋನು?"

"ನೀನೇ ಅಲ್ವೇನವ್ವ ಕರಾರು ಹಾಕಿದ್ದು?"

"ನಾನ್ ಹಾಕಿದ್ದು, ನಾನ್ ಮುರೀತೀನಿ." ಬಗ್ಗಿ ಕಾಫಿ ಹಣ್ಣನ್ನು ಒಂದು ಹಿಡಿ ತೆಗೆದು ನೆಲದ ಮೇಲೆ ಸುರಿದರು. "ಇದು ಗ್ಯಾಸಿಂದು, ಇವತ್ತಿಂದು." ಆಮೇಲೆ ಎರಡೂ ಕೈ ಸೇರಿಸಿ ಬೊಗಸೆ ತುಂಬಿ ಪಕ್ಕದಲ್ಲಿ ಸುರಿದರು. ಮತ್ತೆ ಒಂದು ಬೊಗಸೆ, ಇನ್ನೂ ಒಂದು. "ಇದು ಸೌದೆ ಒಲೇದು. ಅವತ್ತು ಇವಳು ಹಾಕಕ್ಕೆ ಬಂದ್ರೆ ನಾನ್ ಬುಡಲಿಲ್ಲ." ಗ್ಯಾಸಿನ ರಾಶಿಯ ಕಡೆ ಕೈ ತೋರಿದರು. "ಇದು ಕೆಡೋ ಮುಂಚೆ ನನ್ ಮೂಗಿಗೆ ಬಂದು ಹೇಳ್ತು ಕಣ್ಲಾ. ಆ ನನ್ನ ಒಲೆ ಇಷ್ಟು ವರ್ಷ ಇವಳ ಉಸಿರು ಹೀರ್ತು, ನನಗೆ ಒಂದ್ ಮಾತು ಹೇಳಲಿಲ್ಲ."

ಸುಜಾತ ಬಂದು ಅತ್ತೆಯ ಒದ್ದೆ ಕೈಯನ್ನು ತನ್ನ ಸೆರಗಿನಿಂದ ಒರೆಸಿದಳು.

ಮನೆಗೆ ಗಾಳಿಯಾಡಿ, ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಹಾಲಿಟ್ಟೆವು. ಗೌರಮ್ಮನೇ ಹಟ ಹಿಡಿದರು. ಈ ಸಲ ಅವರು ನಾಬ್ ಮೇಲೆ ಕೈಯಿಟ್ಟು, ಉರಿಯನ್ನೇ ನೋಡುತ್ತಾ ನಿಂತರು. ಹಾಲು ಅಂಚು ದಾಟಿದ ಕ್ಷಣ ಟಕ್ ಎಂದು ತಿರುಗಿಸಿದರು. ಕೆರೆ ಏರಿಯಿಂದ ಮೆಲ್ಲಗೆ ವಾಪಸ್ ಬಂದಿದ್ದ ಮಂಜಣ್ಣನಿಗೂ ಒಂದು ಲೋಟ ಹಾಲು ಸಿಕ್ಕಿತು, ಜೊತೆಗೆ ಎಲ್ಲ ಹೆಂಗಸರ ಗೇಲಿ.

ಮಾರನೆಯ ದಿನ ಸಾಹೇಬರಿಗೆ ಎಲ್ಲ ಹೇಳಿದೆ. ಬಾನಿಗೆ ಬಿದ್ದ ಆರತಿಯವರೆಗೂ ನ‌ಗುತ್ತಿದ್ದವರು ಆಮೇಲೆ ಗಡ್ಡ ನೀವಿಕೊಂಡರು. "ನಾವು ಕಂಪನಿ ಕೊಟ್ಟ ಪಾಠ ಒಪ್ಪಿಸ್ತಾ ಇದ್ವಿ. ಜನ ಒಲೆ ಮುಂದೆ ಏನ್ ಮಾಡ್ತಾರೆ ಅಂತ ಒಂದಿನಾನೂ ಕೇಳಲಿಲ್ಲ ನೋಡಮ್ಮ." ಅವತ್ತಿನಿಂದ ನಮ್ಮ ಏಜೆನ್ಸಿಯಲ್ಲಿ ಮೊದಲ ಪಾಠವೇ ಹಾಲುಕ್ಕಿಸುವುದು. ಉಕ್ಕಿಸಬೇಡಿ ಎಂದು ನಾವು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಮ್ಮ ಬೆನ್ನ ಹಿಂದೆ ಉಕ್ಕಿಸುತ್ತಿದ್ದರು. ಮನೆಯ ಹಿರಿಯ ಹೆಂಗಸು ನಾಬ್ ಮೇಲೆ ಕೈಯಿಟ್ಟು ನಿಲ್ಲಬೇಕು, ಹಾಲು ಅಂಚು ದಾಟಿದ ಕೂಡಲೇ ತಿರುಗಿಸಬೇಕು ಎಂದು ಕಲಿಸಿದೆವು. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಆ ಕಡೆ ಊರುಗಳಲ್ಲಿ ಅದೇ ಶಾಸ್ತ್ರವಾಗಿತ್ತು. ಅತ್ತೆಯ ಕೈ ನಾಬ್ ಮೇಲಿರುವುದು ಹಿಂದಿನಿಂದ ಬಂದ ಪದ್ಧತಿ ಎಂದು ಒಬ್ಬಾಕೆ ನನಗೇ ಹೇಳಿಕೊಟ್ಟಳು! ನಾನು ಹೂಂ ಎಂದು ಕೇಳಿಸಿಕೊಂಡೆ.

ಹೊಸದಾಗಿ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ. ಹೆದರುವವರನ್ನು ಕಂಡು ನಗಬೇಡಿ. ನನ್ನ ಹಾಗೆ ಕಾಯಿಲೆಯಿದ್ದರೆ ಬೇರೆ ಮಾತು. ಅವತ್ತು ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದವರ ಮೂಗೇ ಎಲ್ಲರಿಗಿಂತ ಮೊದಲು ಕೆಲಸ ಮಾಡಿದ್ದು. ಯಾವುದಕ್ಕೆ ಹೆದರುತ್ತಾರೆ, ಯಾಕೆ ಹೆದರುತ್ತಾರೆ ಎಂದು ಕೇಳಿ. ಯಾವುದಕ್ಕೆ ಹೆದರುವುದೇ ಇಲ್ಲ ಎಂಬುದನ್ನು ಇನ್ನೂ ಗಟ್ಟಿಯಾಗಿ ಕೇಳಿ.

ಕೆಲಸ ಬಿಡುವ ವರ್ಷ, ಹೇಳಿ ಬರೋಣವೆಂದು ಗೌರಮ್ಮನವರ ಮನೆಗೆ ಹೋಗಿದ್ದೆ. ಹಳೆಯ ಸೌದೆ ಒಲೆ ಈಗ ಮನೆಯ ಹೊರಗೆ, ಸ್ನಾನದ ನೀರು ಕಾಯಿಸಲು ಮಾತ್ರ. ಗೌರಮ್ಮ ಅದರ ಮುಂದೆ ಕೂತು ಊದುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ. ಕೆಳಗೆ ತೋಟದಿಂದ ಮನೆಗೆ ಬರುವ ಏರು ಸಣ್ಣದಲ್ಲ. ನನಗೇ ಹತ್ತುವಾಗ ನಡುವೆ ನಿಲ್ಲಬೇಕಾಯಿತು. ಆ ಏರಿನ ಕೆಳಗಿನಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಒಂದೇ ಸಮನೆ ಹತ್ತುತ್ತಾ, ನಮ್ಮ ಹೊಗೆ ಕಂಡು ಕೂಗತೊಡಗಿದಳು.

"ಅತ್ತೇ ಮತ್ತೆ ಆ ಒಲೆ ಮುಂದೆ ಕೂತ್ಕಂಡು ಊದ್ತಾ ಇದೀರೇನು ನಿನ್ನೆ ತಾನೆ ಹೇಳಿರ್ಲಿಲ್ವಾ ಹೊಗೆ ಕುಡೀಬ್ಯಾಡಿ ನಾನ್ ಬಂದು ಗ್ಯಾಸಲ್ಲಿ ಒಂದ್ ಪಾತ್ರೆ ನೀರು ಕಾಯಿಸ್ಕೊಡ್ತೀನಿ ಅಂತ ಅಲ್ಲಿ ಕೂತಿರೋದು ಗ್ಯಾಸಮ್ಮ ಅಲ್ವಾ ಅವರ ಮುಂದಾದ್ರೂ ನನ್ ಮಾನ ಉಳಿಸ್ಬಾರ್ದಾ ಒಂದ್ ಮಾತು ಕೇಳೋರೇ ಇಲ್ವಲ್ಲ ಈ ಮನೇಲಿ!"

ಸುಜಾತ. ಒಂದೇ ಉಸಿರು.

ಗೌರಮ್ಮ ಊದುಗೊಳವೆ ಕೆಳಗಿಟ್ಟು, ಮುಖ ಗಂಟಿಕ್ಕಿಕೊಂಡು ನನ್ನ ಕಡೆ ತಿರುಗಿದರು. ಕಣ್ಣು ಮಾತ್ರ ನಗುತ್ತಿತ್ತು.

"ಕೇಳಿದ್ಯೇನವ್ವ? ಮುಂಚೆ ಪಾಪ, ಒಂದ್ ಮಾತಾಡಕ್ಕೆ ಮೂರ್ ಕಡೆ ನಿಲ್ಲೋಳು. ಈಗ ನಿಲ್ಸದೇ ಇಲ್ಲ. ಎಲ್ಲಾ ನೀನು ಮಾಡಿದ್ದು. ನಿನ್ ಚೀಲದಲ್ಲಿ ಇದಕ್ಕೂ ಒಂದು ವಾಷರ್ ಐತೇನು ನೋಡು."

"ಇದಕ್ಕೆ ವಾಷರ್ ಬರಲ್ಲ ಗೌರಮ್ಮ" ಎಂದೆ. ಆಮೇಲೆ ನಾವಿಬ್ಬರೂ ಆ ಒಲೆಯ ಮುಂದೆ ಕೂತು ನಕ್ಕಿದ್ದೇ ನಕ್ಕಿದ್ದು. ಹೆದರಿಕೆಯಿಲ್ಲದೆ ನನಗೆ ಅಷ್ಟು ನಗು ಬಂದಿದ್ದು ಅದೇ ಮೊದಲು.